ಗುಮ್ಮಟ ಕಟ್ಟಿಸಿಕೊಳ್ಳದ ದೊರೆಗಳು

ಗುಮ್ಮಟ ನೋಡುವ ಹುಚ್ಚು ಹತ್ತಿದವರು ಸೀದಾ ವಿಜಯಪುರದ ಬಸ್ಸು ಹತ್ತುತ್ತಾರೆ. ಮೊದಲು ಶಹಾಪುರ ತಾಲ್ಲೂಕಿನ ಗೋಗಿಗೆ ಹೋಗಿಬನ್ನಿ ಎಂಬುದು ನನ್ನ ತಕರಾರು. ವಿಜಯಪುರದ ಆದಿಲಶಾಹಿಯ ಮೊದಲ ನಾಲ್ವರು ದೊರೆಗಳು, ಅಂದರೆ ಯೂಸುಫ್, ಇಸ್ಮಾಯಿಲ್, ಮಲ್ಲು ಮತ್ತು ಒಂದನೇ ಇಬ್ರಾಹಿಂ, ಮಣ್ಣಾದದ್ದು ಇಲ್ಲಿ, ಸಂತ ಚಂದಾ ಹುಸೇನಿಯ ದರ್ಗಾದ ಮಗ್ಗುಲಲ್ಲಿ. ತಲೆಗೊಂದು ಗುಮ್ಮಟವಿಲ್ಲ. ಸಾದಾ ಗೋರಿಗಳು, ಅಷ್ಟೆ.

ಮಾದರಿ ಗೊತ್ತಿರಲಿಲ್ಲವೆಂದೇನಲ್ಲ. ಯೂಸುಫ್ ಬಹಮನಿಗಳ ಸರದಾರನಾಗಿದ್ದವನು. ಕಲಬುರಗಿಯ ಹಫ್ತ್ ಗುಂಬಜ್, ಬೀದರಿನ ಅಷ್ಟೂರಿನಲ್ಲಿ ಸಾಲುಗಟ್ಟಿದ ಒಡೆಯರ ಗುಮ್ಮಟಗಳು ಅವನ ಕಾಲಕ್ಕಾಗಲೇ ಇದ್ದವು. ಆದರೂ 1510ರಲ್ಲಿ ಅವನ ಶವ ರಾಜಧಾನಿಯಲ್ಲಿ ಉಳಿಯದೆ ಇಲ್ಲಿಗೆ ಬಂತು. 1534ರಲ್ಲಿ ಕೋಯಿಲಕೊಂಡದ ಮುತ್ತಿಗೆಯ ಹೊತ್ತಿಗೆ ತೀರಿಕೊಂಡ ಮಗ ಇಸ್ಮಾಯಿಲನನ್ನೂ ಇಲ್ಲಿಗೇ ಹೊತ್ತು ತಂದರು. ಮೊಮ್ಮಗ ಮಲ್ಲು ಆಳಿದ್ದು ಕೆಲವೇ ತಿಂಗಳು. ಸ್ವಂತ ಅಜ್ಜಿಯೇ ಅವನನ್ನು ಪಟ್ಟದಿಂದ ಇಳಿಸಿ ಕಣ್ಣು ಕೀಳಿಸಿದಳು. ಸಿಂಹಾಸನ ಕಿತ್ತುಕೊಂಡವರು ಗೋರಿಯ ಜಾಗ ಮಾತ್ರ ಕಿತ್ತುಕೊಳ್ಳಲಿಲ್ಲ.

ಇನ್ನೊಂದು ಸೋಜಿಗವುಂಟು. ಯೂಸುಫ್ ಶಿಯಾ ಪಂಥವನ್ನು ರಾಜ್ಯದ ಪಂಥವಾಗಿಸಿದವನು. ಇಸ್ಮಾಯಿಲ್ ಸೈನಿಕರ ತಲೆಗೆ ಹನ್ನೆರಡು ಮೊನೆಯ ಕೆಂಪು ಟೋಪಿ ಏರಿಸಿದ. ಇಬ್ರಾಹಿಂ ಆ ಟೋಪಿ ಕಳಚಿಸಿ ಸುನ್ನಿ ಪಂಥಕ್ಕೆ ಮರಳಿದ. ಆದರೆ 1558ರಲ್ಲಿ ಅವನಿಗೂ ನೆಲ ಸಿಕ್ಕಿದ್ದು ಅಪ್ಪ, ಅಜ್ಜರ ಹತ್ತಿರವೇ. ಇದನ್ನು ಬರೀ ವಿನಯವೆಂದು ಹೊಗಳಲು ನನಗೆ ಮನಸ್ಸಿಲ್ಲ. ಹೊಸ ಮನೆತನಕ್ಕೆ ಹಳೆಯ ಸಂತನ ಆಸರೆ ಬೇಕಿತ್ತು. ಅದು ರಾಜಕಾರಣವೂ ಹೌದು. ಈಗಲೂ ಜನ ಹರಕೆ ಹೊತ್ತು ಬರುವುದು ಸಂತನ ಬಳಿಗೆ. ದೊರೆಗಳನ್ನು ಕೇಳುವವರು ನಮ್ಮಂಥ ಕೆಲವರು.

1580ರಲ್ಲಿ ಸತ್ತ ಒಂದನೇ ಅಲಿಯಿಂದ ದಾರಿ ಬದಲಾಯಿತು. ಅವನು ವಿಜಯಪುರದಲ್ಲೇ ಉಳಿದ, ಆದರೂ ಕಮಾನಿನ ಪಡಸಾಲೆಯ ಸಾದಾ ಕಟ್ಟಡದಲ್ಲಿ. ಆಮೇಲೆ 1626ರಲ್ಲಿ ಮುಗಿದ, ಎರಡನೇ ಇಬ್ರಾಹಿಂನ ಗೋರಿಯಿರುವ ಇಬ್ರಾಹಿಂ ರೋಜಾ. ಕಲ್ಲಿನಲ್ಲಿ ಅಕ್ಷರ ಅರಳಿಸಿದ ಆ ಕೆಲಸಕ್ಕೆ ನನ್ನ ಮೊದಲ ಮಣೆ. ಆಮೇಲೆ 1656ರಲ್ಲಿ ತೀರಿಕೊಂಡ ಮುಹಮ್ಮದನ ಗೋಳಗುಮ್ಮಟ, ಹೊರಗಿನಿಂದ ಅಳೆದರೆ ಸುಮಾರು 44 ಮೀಟರ್ ಅಗಲ. ಅದರಡಿ ಸುಲ್ತಾನ, ಹೆಂಡಂದಿರು, ಮಗಳು, ಮೊಮ್ಮಗ, ನರ್ತಕಿ ರಂಭೆ ಇದ್ದಾರೆ. ಸಂತನೊಬ್ಬನೂ ಇಲ್ಲ.