ಮಾರಿಯೋ ನಿಜಕ್ಕೂ ರಂಗಕ್ಕೆ ಬಂದದ್ದು ಯಾವಾಗ?

ದೋಹಾದ ಮುಶೈರಿಬ್‌ನಲ್ಲಿ ಶುಕ್ರವಾರ ಸಂಜೆ ಕರಕ್ ಚಹಾ ಹಿಡಿದು ಕೂತ ಕರಾವಳಿಯ ಹುಡುಗರ ನಡುವೆ (ಹುಡುಗರೆಂದರೆ ಈಗ ನಲವತ್ತು ದಾಟಿದವರು) ವಿಡಿಯೋ ಗೇಮ್‌ನ ಮಾರಿಯೋ ಮಾತು ಬಂದರೆ ಜಗಳ ಖಚಿತ. ಆ ಮೀಸೆಯವನನ್ನು ಕೊಟ್ಟದ್ದು 1981ರ ‘ಡಾಂಕಿ ಕಾಂಗ್’ ಎನ್ನುತ್ತಾನೆ ಒಬ್ಬ. ಅಲ್ಲ, 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಎನ್ನುತ್ತಾನೆ ಇನ್ನೊಬ್ಬ. ನಡುವಿನ 1983ರ ‘ಮಾರಿಯೋ ಬ್ರದರ್ಸ್’ ಪರ ವಕಾಲತ್ತಿಗೆ ಯಾರೂ ಇಲ್ಲ.

ನಮ್ಮವರ ಗೊಂದಲಕ್ಕೆ ಕಾರಣವಿದೆ. ತೊಂಬತ್ತರ ದಶಕದಲ್ಲಿ ಗಲ್ಫ್‌ನಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ನಿಂಟೆಂಡೊ ನಕಲಿನ ವಿಡಿಯೋ ಗೇಮ್ ಇದ್ದರೆ, ಅದರ ಕ್ಯಾಸೆಟ್‌ನಲ್ಲಿ ಈ ಮೂರೂ ಆಟಗಳು ಹೆಚ್ಚಾಗಿ ಒಟ್ಟಿಗೇ ಇರುತ್ತಿದ್ದವು. ಮೇಲೆ ‘9999 ಇನ್ 1’ ಎಂಬ ಬಡಾಯಿ. ಒಳಗೆ ಅವೇ ಕೆಲವು ಆಟಗಳು ಹೆಸರು ಬದಲಿಸಿಕೊಂಡು ಪುಟದಿಂದ ಪುಟಕ್ಕೆ ಬರುತ್ತಿದ್ದವು. ಇಸವಿಯ ಸುದ್ದಿಯೇ ಇಲ್ಲ. ಮೂರನ್ನೂ ಒಂದೇ ಮಧ್ಯಾಹ್ನ ಆಡಿದ ಮಗುವಿಗೆ ಹಿಂದು ಮುಂದು ತಿಳಿಯುವುದಾದರೂ ಹೇಗೆ?

ದಾಖಲೆ ‘ಡಾಂಕಿ ಕಾಂಗ್’ ಪರವಾಗಿದೆ. ನಿಂಟೆಂಡೊಗೆ ಕಾರ್ಟೂನ್ ನಾವಿಕ ಪಾಪೈಯ ಹಕ್ಕು ಸಿಗದಿದ್ದಾಗ ಅದರ ವಿನ್ಯಾಸಕ ಶಿಗೆರು ಮಿಯಾಮೊಟೊ ಆ ಜಾಗಕ್ಕೆ ಬಡಗಿಯೊಬ್ಬನನ್ನು ತಂದರು. ಇದ್ದ ಬೆರಳೆಣಿಕೆಯ ಚುಕ್ಕಿಗಳಲ್ಲಿ ಬಾಯಿ ಬಿಡಿಸಲಾಗದ್ದಕ್ಕೆ ಮೀಸೆ, ಕೂದಲಿನ ರಗಳೆ ಬೇಡವೆಂದು ಟೋಪಿ. ಹೆಸರು ಜಂಪ್‌ಮ್ಯಾನ್, ಮಾರಿಯೋ ಎಂಬುದು ಕಂಪನಿಯ ಅಮೆರಿಕದ ಗೋದಾಮಿನ ಮಾಲೀಕ ಮಾರಿಯೋ ಸೆಗಾಲಿಯಿಂದ ಬಂದದ್ದು. ಆದರೆ ಆಟದ ಹೆಸರು ಗೊರಿಲ್ಲಾದ್ದು, ಇವನದಲ್ಲ. 1982ರ ‘ಡಾಂಕಿ ಕಾಂಗ್ ಜೂನಿಯರ್’ನಲ್ಲಂತೂ ಇವನೇ ಗೊರಿಲ್ಲಾವನ್ನು ಪಂಜರಕ್ಕೆ ಹಾಕಿದ ಖಳ. ಮರುವರ್ಷ ಪ್ಲಂಬರನಾದ, ಜೊತೆಗೆ ಲುಯಿಜಿ ಎಂಬ ತಮ್ಮನೂ ಬಂದ.

ವೇಷ ಸಿದ್ಧವಾಯಿತು, ಒಪ್ಪೋಣ. ಆದರೆ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಕೂತವನು ಇನ್ನೂ ಪಾತ್ರವಲ್ಲ. ರಂಗಕ್ಕೆ ಬಂದು ಕುಣಿಯಬೇಕು. ಮಾರಿಯೋನ ಕುಣಿತ ಅವನ ಜಿಗಿತ. ‘ಡಾಂಕಿ ಕಾಂಗ್’ನಲ್ಲಿ ಒಮ್ಮೆ ಜಿಗಿದರೆ ಮುಗಿಯಿತು, ಗಾಳಿಯಲ್ಲಿ ದಿಕ್ಕು ಬದಲಿಸಲಾಗದು, ಸ್ವಲ್ಪ ಎತ್ತರದಿಂದ ಬಿದ್ದರೂ ಸತ್ತ. ‘ಮಾರಿಯೋ ಬ್ರದರ್ಸ್’ನಲ್ಲಿ ಬಿದ್ದರೆ ಸಾಯುವುದಿಲ್ಲ ಸರಿ, ಆದರೆ ಶತ್ರು ಆಮೆಯ ಬೆನ್ನ ಮೇಲೆ ಹಾರಿದರೆ ಸಾವು ಇವನದೇ! ಕೆಳಗಿನಿಂದ ನೆಲಕ್ಕೆ ಗುದ್ದಿಯೇ ಅದನ್ನು ಮಗುಚಬೇಕು.

1985ರಲ್ಲಿ ಗುಂಡಿ ಒತ್ತಿ ಹಿಡಿದಷ್ಟೂ ಜಿಗಿತ ಎತ್ತರಕ್ಕೆ ಹೋಯಿತು, ಓಟದ ರಭಸ ಜಿಗಿತಕ್ಕೂ ಬಂತು, ಗಾಳಿಯಲ್ಲೇ ಹಿಂದಕ್ಕೆ ತಿರುಗುವುದು ಸಾಧ್ಯವಾಯಿತು. ಮೊದಲ ಹಂತದ ಮೊದಲ ಪರದೆ ನೋಡಿ: ಎದುರಿನಿಂದ ಗೂಂಬಾ ಎಂಬ ಶತ್ರು ನಡೆದು ಬರುತ್ತದೆ, ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಸತ್ತು ಕಲಿಯಬೇಕು. ಆಮೇಲೆ ಬರುವ ಅಣಬೆ ಪೈಪಿಗೆ ತಾಗಿ ನಿಮ್ಮತ್ತಲೇ ಮರಳುತ್ತದೆ. ಹೆದರಿ ಓಡಿದರೂ ಬಹುಪಾಲು ಅದು ಮೈಗೆ ತಾಗಿ ನೀವು ದೊಡ್ಡವರಾಗುತ್ತೀರಿ. ಅಕ್ಷರವಿಲ್ಲದೆ ಪಾಠ ಹೇಳುವ ಈ ಜಾಣ್ಮೆ ಹಿಂದಿನೆರಡರಲ್ಲಿ ಇಲ್ಲ. 32 ಹಂತಗಳ ಈ ಆಟ 40 ಕಿಲೋಬೈಟ್‌ನೊಳಗೆ ಕೂತಿದೆ. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಹಾಗಾಗಿ ನನ್ನ ಮತ 1985ಕ್ಕೆ. ಒಪ್ಪದವರು ‘ಡಾಂಕಿ ಕಾಂಗ್’, ‘ಸೂಪರ್ ಮಾರಿಯೋ ಬ್ರದರ್ಸ್’ ಎರಡನ್ನೂ ತೆರೆದು, ಬಲಕ್ಕೆ ಜಿಗಿದು, ನೆಲ ಮುಟ್ಟುವ ಮೊದಲು ಎಡಗುಂಡಿ ಒತ್ತಿ ನೋಡಿ. ವಾದ ಆಮೇಲೆ ಮುಂದುವರಿಸೋಣ.