ನಮ್ಮೂರ ಫಿಯಟ್, ಫೆರಾರಿಯ ನೆಂಟ

ಕೊಡಿಕೊಂಡ ಚೆಕ್‌ಪೋಸ್ಟ್‌ನಲ್ಲಿ ಟೀ ಹಿಡಿದು ಸ್ವಲ್ಪ ಹೊತ್ತು ನಿಂತರೆ ಸಾಕು, ಕಾರುಗಳ ಜಾತ್ರೆಯೇ ಕಣ್ಣಮುಂದೆ ಹಾಯುತ್ತದೆ. ಪೆನುಕೊಂಡದ ಕಾರ್ಖಾನೆಯಿಂದ ಟ್ರೇಲರ್ ಹತ್ತಿ ಬರುವ ಹೊಚ್ಚಹೊಸ ಕಿಯಾಗಳು, ಭಾನುವಾರವಾದರೆ ಬೆಂಗಳೂರಿನಿಂದ ಲೇಪಾಕ್ಷಿಯ ನೆಪದಲ್ಲಿ ಗಾಳಿ ಕುಡಿಯಲು ಬರುವ ದುಬಾರಿ ಗಾಡಿಗಳು. ಆ ದಂಡಿನಲ್ಲಿ ಕೆಂಪು ಇಟಾಲಿಯನ್ ಕಾರೊಂದು ಗರ್ಜಿಸಿದರೆ ಹೋಟೆಲಿನ ಮುಂದಿದ್ದವರ ಫೋನುಗಳೆಲ್ಲ ಹೊರಗೆ. ಅದರ ಹಿಂದೆಯೇ ಕೆನೆಬಣ್ಣದ ಹಳೇ ಫಿಯಟ್ ಬಂದರೆ ಯಾರೂ ಕತ್ತೆತ್ತುವುದಿಲ್ಲ. ಅದೂ ಇಟಲಿಯದೇ, ಅದರ ಇಂಜಿನ್ನಿನ ಚರಿತ್ರೆಯಲ್ಲಿ ರೇಸಿನ ಅಧ್ಯಾಯಗಳೂ ಇವೆ ಎಂದರೆ ನಗುತ್ತಾರೆ. ನಗಲಿ.

1937ರಲ್ಲಿ ಫಿಯಟ್ ಕಂಪನಿ 508ಸಿ ಎಂಬ ಕಾರನ್ನು ಹೊರತಂದಿತು. ವಿನ್ಯಾಸಕಾರ ದಾಂತೆ ಜಿಯಾಕೋಸಾ. ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 1089 ಸಿಸಿ. ಈ ಅಳತೆಗಳು ನಮ್ಮ ಕಡೆಯ ಯಾವುದೇ ಹಳೇ ಮೆಕ್ಯಾನಿಕ್‌ಗೆ ಬಾಯಿಪಾಠ, ಏಕೆಂದರೆ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಪದ್ಮಿನಿಯ ಅಳತೆಯೂ ಇದೇ.

ಈಗ ಎಂಜೊ ಫೆರಾರಿಯ ಕಥೆಗೆ ಬನ್ನಿ. 1939ರಲ್ಲಿ ಆಲ್ಫಾ ರೋಮಿಯೊ ಬಿಟ್ಟಾಗ, ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸ್ ನಡೆಸಬಾರದೆಂಬ ಕರಾರಿಗೆ ಆತ ಸಿಕ್ಕಿಬಿದ್ದಿದ್ದ. ಹಾಗಾಗಿ ಅವನ ಮೊದಲ ಕಾರಿಗೆ ಫೆರಾರಿ ಎಂಬ ಹೆಸರೇ ಇಲ್ಲ. ಅದು ‘ಆಟೊ ಆವಿಯೊ ಕೊಸ್ತ್ರುಜಿಯೋನಿ 815’. ಎಂಟು ಸಿಲಿಂಡರ್, ಒಂದೂವರೆ ಲೀಟರ್. ಎಂಟು ಸಿಲಿಂಡರಿಗೆ ಬೇಕಾದ ಹೆಡ್ ಎಲ್ಲಿಂದ? ಫಿಯಟ್ 508ಸಿಯ ಎರಡು ಹೆಡ್‌ಗಳನ್ನು ಒಂದರ ಹಿಂದೊಂದು ಕೂರಿಸಿಕೊಂಡರು. 1940ರ ಮಿಲ್ಲೆ ಮಿಲಿಯಾ ಎಂಬ ಇಟಲಿಯ ರಸ್ತೆ ರೇಸಿನಲ್ಲಿ ಇಂಥ ಎರಡು ಗಾಡಿಗಳು ಓಡಿದವು, ಎರಡೂ ಗುರಿ ಮುಟ್ಟಲಿಲ್ಲ. ಒಂದನ್ನು ಓಡಿಸಿದವನು 21 ವರ್ಷದ ಆಲ್ಬರ್ಟೊ ಅಸ್ಕಾರಿ. 1952 ಮತ್ತು 1953ರಲ್ಲಿ ಫೆರಾರಿಯಲ್ಲೇ ವಿಶ್ವ ಚಾಂಪಿಯನ್ ಆದವನು.

ನನಗೆ ಇದಕ್ಕಿಂತ ಇಷ್ಟವಾದದ್ದು 1947ರ ಮಿಲ್ಲೆ ಮಿಲಿಯಾ. ಯುದ್ಧ ಮುಗಿದು ಟ್ಯೂರಿನ್‌ನಲ್ಲಿ ಪಿಯೆರೊ ದುಸಿಯೊ ಎಂಬ ಉದ್ಯಮಿ ಚಿಸಿತಾಲಿಯಾ ಕಂಪನಿ ಕಟ್ಟಿದ್ದ. ಕೈಗೆ ಸಿಕ್ಕಿದ್ದು ಇದೇ 1089 ಸಿಸಿ ಫಿಯಟ್ ಇಂಜಿನ್. ಅದನ್ನು ಹೊತ್ತ ತೆರೆದ ಪುಟ್ಟ ಗಾಡಿಯಲ್ಲಿ ಕೂತವನು ರೇಸ್ ಚಾಲಕ ತಾಜಿಯೊ ನುವೊಲಾರಿ. 54 ವರ್ಷ, ಹದಗೆಟ್ಟ ಆರೋಗ್ಯ. ಎದುರಿಗೆ ಅದರ ಎರಡೂವರೆ ಪಟ್ಟಿಗೂ ಮೀರಿದ ಇಂಜಿನ್ನಿನ ಆಲ್ಫಾ ರೋಮಿಯೊ. ಆದರೂ ನುವೊಲಾರಿ ಮುಂದಿದ್ದ. ಕೊನೆಯ ಹಂತದಲ್ಲಿ ಜಡಿಮಳೆ ಹಿಡಿಯಿತು, ಇಗ್ನಿಷನ್‌ಗೆ ನೀರು ಹೊಕ್ಕು ಗಾಡಿ ಕೈಕೊಟ್ಟಿತು. ಒಣಗಿಸಿಕೊಂಡು ಹೊರಡುವಷ್ಟರಲ್ಲಿ ಆಲ್ಫಾ ದಾಟಿ ಹೋಗಿತ್ತು. ಇವನಿಗೆ ಎರಡನೇ ಸ್ಥಾನ. ಮಳೆಯಲ್ಲಿ ಕೆಮ್ಮಿ ನಿಂತ ಫಿಯಟ್‌ನ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಪಂಚೆಯ ಚುಂಗಿನಿಂದ ಒರೆಸಿದವರಿಗೆ ನುವೊಲಾರಿಯ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅದೇ ಚಿಸಿತಾಲಿಯಾದ ಕೂಪೆಗೆ ಪಿನಿನ್‌ಫರೀನಾ ಮಾಡಿಕೊಟ್ಟ ಬಾಡಿ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ತಯಾರಾದದ್ದು ಸುಮಾರು 170 ಅಷ್ಟೇ. ಅದನ್ನು ಕೊಳ್ಳುವ ಮಾತು ಬಿಡಿ, ನೋಡುವ ಯೋಗವೂ ನಮಗೆ ಕಷ್ಟ. ಆದರೆ ಅದೇ ಕುಲದ ಇಂಜಿನ್ ಹೊತ್ತ ಗಾಡಿಗಳು ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಹಿತ್ತಿಲುಗಳಲ್ಲಿ, ಯಾರೋ ತಾತನ ಕಾಲದ್ದು ಎಂದು, ಕೋಳಿಗಳಿಗೆ ಗೂಡಾಗಿ ನಿಂತಿವೆ.

ಕೊಳ್ಳುವವರಿಗೆ ನಮ್ಮ ಸೀಮೆಯಷ್ಟು ಒಳ್ಳೆಯ ಸಂತೆ ಬೇರೆ ಇಲ್ಲ ಎನ್ನುವುದು ನನ್ನ ವಾದ. ಪದ್ಮಿನಿಯ ಹಿಂದಿನ ರೂಪವಾದ ಫಿಯಟ್ 1100ಕ್ಕೆ ಅಂಬಾಸಡರ್‌ನಂತೆಯೇ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಮಂಗಳೂರಿನಲ್ಲಿ ಬೀಳುವ ಮಳೆಯ ಆರನೇ ಒಂದು ಪಾಲೂ ಅನಂತಪುರದ ಬಯಲಿಗೆ ಕಷ್ಟ. ಬೆಳೆಗೆ ಶಾಪವಾದ ಈ ಒಣಹವೆ ಹಳೇ ತಗಡಿಗೆ ವರ. ಬಿಸಿಲಿಗೆ ಬೀಡಿಂಗ್ ರಬ್ಬರ್, ಸೀಟು ಸೀಳಿರುತ್ತವೆ, ಹೌದು. ರಬ್ಬರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು, ಕೊಳೆತ ಬಾಡಿಗೆ ಬದಲಿ ಎಲ್ಲಿ ಸಿಕ್ಕೀತು?

ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ. ಜೇಬಿನಲ್ಲೊಂದು ಆಯಸ್ಕಾಂತ ಇರಲಿ, ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಅಂಚಿಗೆ, ಚಕ್ರದ ಕಮಾನಿಗೆ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಮ್ಯಾಟ್ ಎತ್ತಿ ನೆಲ ನೋಡಿ. ಇಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟ ಮಾರಾಟಗಾರನನ್ನು ನಂಬಬೇಡಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಬಿಸಿಯೇರಿದ ಮೇಲೆ ಆಕ್ಸಿಲರೇಟರ್ ಒತ್ತಿ ಬಿಡಿ. ನೀಲಿ ಹೊಗೆ ಬಂದರೆ ಬೋರ್ ಸವೆದಿರಬಹುದು. ಅದಕ್ಕೂ ಹೆದರಬೇಕಿಲ್ಲ, ಕೈ ಕುದುರಿದ ಲೇತ್‌ನವನಿದ್ದರೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಕೂರಿಸಬಹುದು. ಹೆದರಬೇಕಾದ್ದು ಹೆಡ್‌ಗೆ. ಅದು ಅಲ್ಯೂಮಿನಿಯಂ, ನೀರು ಆರಿದ ರೇಡಿಯೇಟರ್‌ನಲ್ಲಿ ಏಪ್ರಿಲ್ ಬಿಸಿಲಲ್ಲಿ ಓಡಿಸಿದರೆ ಸೊಟ್ಟಗಾಗುತ್ತದೆ.

ಯಾವುದನ್ನು ಕೊಳ್ಳಬೇಕು? 1964ಕ್ಕೆ ಬಂದ 1100 ಡಿಲೈಟ್‌ಗಿಂತ ಹಿಂದಿನವುಗಳ ಮುಂಬಾಗಿಲು ಹಿಂದುಮುಂದಾಗಿ ತೆರೆಯುತ್ತದೆ. ಅಂದ ಹೆಚ್ಚು, ಬಿಡಿಭಾಗ ಸಿಗುವುದು ಕಷ್ಟ, ಬೆಲೆ ಬಾಯಿಗೆ ಬಂದಷ್ಟು. ನನ್ನ ಆಯ್ಕೆ ಡಿಲೈಟ್. ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರ್ ಸವೆಯದೆ ಉಳಿದಿದ್ದರೆ, ಎರಡರಿಂದ ಮೂರಕ್ಕೆ ಒಂದೇ ಬೆರಳಲ್ಲಿ ಜಾರುವ ಸುಖ ಇವತ್ತಿನ ಯಾವ ಆಟೊಮ್ಯಾಟಿಕ್ಕೂ ಕೊಡದು. ನೋಡಿ ಕಣ್ಣು ತುಂಬಿಕೊಂಡರೆ ಸಾಕು ಎನ್ನುವವರು ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೆ ಹೋಗಿ ಬನ್ನಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಹಳೇ ವಾಹನಗಳ ಸಂಗ್ರಹ ಅಲ್ಲಿದೆ.

ಕಾಗದಪತ್ರದ ವಿಷಯ. ಕರ್ನಾಟಕದ ಗಾಡಿಯನ್ನು ಗಡಿಯ ಈಚೆಗೆ ತಂದು ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಲೇಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಆಮೇಲೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಎಂಬ ಕಾರಣವಿಲ್ಲದೆ ರಸ್ತೆಗಿಳಿಸುವಂತಿಲ್ಲ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಲೇಪಾಕ್ಷಿಗೆ ಹೋಗುವ ಆಸೆಯಿದ್ದರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ.

ಇನ್ನೊಂದು ಸಂಗತಿ ಆ ನಿಯಮದಲ್ಲೇ ಇದೆ: ಬಾಡಿಯಲ್ಲಾಗಲಿ ಇಂಜಿನ್ನಿನಲ್ಲಾಗಲಿ ದೊಡ್ಡ ಬದಲಾವಣೆ ಮಾಡಿದ ಗಾಡಿ ವಿಂಟೇಜ್ ಅಲ್ಲ. ನಮ್ಮಲ್ಲಿ ಎಷ್ಟೋ ಫಿಯಟ್‌ಗಳು ಹೊರಗೆ ಹೊಸ ಮದುವಣಗಿತ್ತಿ, ಒಳಗೆ ಮಾರುತಿ ಇಂಜಿನ್ ಅಥವಾ ಯಾವುದೋ ಡೀಸೆಲ್. ಮೈಲೇಜ್ ಸಿಗುತ್ತದೆ, ಒಪ್ಪಿದೆ. ಮೈಲೇಜೇ ಬೇಕಿದ್ದರೆ ಮಾರುತಿಯನ್ನೇ ಕೊಳ್ಳಿ. ಹಿತ್ತಿಲಲ್ಲಿ ಫಿಯಟ್ ಇರುವವರಲ್ಲಿ ನನ್ನದೊಂದು ವಿನಂತಿ: ಮಾರುವುದಾದರೆ ಮಾರಿ, ಆದರೆ ಹಿಡಿದುಕೊಂಡ ಇಂಜಿನ್ ಇಳಿಸಿ ತೂಕಕ್ಕೆ ಹಾಕುವ ಮೊದಲು ಹಿಂದೂಪುರದಲ್ಲೋ ಬೆಂಗಳೂರಿನಲ್ಲೋ ಹಳೇ ಫಿಯಟ್ ಬಿಚ್ಚಿ ಬಲ್ಲ ಒಬ್ಬ ಮೇಸ್ತ್ರಿಗೆ ತೋರಿಸಿ.