ಸ್ಪ್ರಿಂಟ್ ಎಂಬ ಪಂಚಾಂಗ

ಸಾಫ್ಟ್‌ವೇರ್ ಲೋಕದಲ್ಲಿ ಎಲ್ಲರೂ ಹೆಸರು ಹೇಳುವ, ಕೆಲವರಷ್ಟೇ ಓದಿರುವ ಪುಸ್ತಿಕೆ ‘ಸ್ಕ್ರಮ್ ಗೈಡ್’. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಬರೆದ ಇದರ 2020ರ ಆವೃತ್ತಿ ಹದಿನೈದು ಪುಟವೂ ಇಲ್ಲ. ಇದರ ಹೆಸರಿನಲ್ಲಿ ನಡೆಯುವ ಸ್ಟ್ಯಾಂಡ್‌ಅಪ್, ಪ್ಲಾನಿಂಗ್, ರೆಟ್ರೋಗಳನ್ನು ಬೆಂಗಳೂರಿನವರಿಗೆ ನಾನು ವಿವರಿಸಬೇಕಿಲ್ಲ. ನನ್ನ ತಕರಾರು ಸ್ಪ್ರಿಂಟಿನ, ಅಂದರೆ ಕೆಲಸದ ಒಂದೊಂದು ಸುತ್ತಿನ, ಅವಧಿ ಕದಲಬಾರದೆಂಬ ನಿಯಮದ ಬಗ್ಗೆ.

2001ರಲ್ಲಿ ಶ್ವೇಬರ್ ಮತ್ತು ಮೈಕ್ ಬೀಡಲ್ ಬರೆದ ಪುಸ್ತಕದಲ್ಲಿ ಸ್ಪ್ರಿಂಟ್ ಎಂದರೆ 30 ದಿನ. ಬಿಡುಗಡೆಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದ ಗ್ರಾಹಕನಿಗೆ ಓಡುವ ಪ್ರೋಗ್ರಾಂ ತೋರಿಸಲು ಒಂದು ಗಡುವು ಬೇಕಿತ್ತು. ನಡುವೆ ಹೊಸ ಕೆಲಸ ತುರುಕುವವರನ್ನು ತಡೆಯಲು ಒಂದು ಬೇಲಿಯೂ ಬೇಕಿತ್ತು. 2020ರ ಗೈಡ್ ಏನನ್ನುತ್ತದೆ? ಒಂದೇ ಸ್ಪ್ರಿಂಟಿನಲ್ಲಿ ಹಲವು ಇನ್‌ಕ್ರಿಮೆಂಟ್‌ಗಳು ಸಿದ್ಧವಾಗಬಹುದು, ಸ್ಪ್ರಿಂಟ್ ಮುಗಿಯುವ ಮೊದಲೇ ಗ್ರಾಹಕನ ಕೈ ಸೇರಬಹುದು, ರಿವ್ಯೂ ಸಭೆ ಅದಕ್ಕೆ ಅಡ್ಡಗಟ್ಟೆಯಾಗಬಾರದು. ಒಪ್ಪತಕ್ಕ ಮಾತೇ. ಆದರೆ ಬಿಡುಗಡೆ ಯಾವತ್ತಾದರೂ ಆಗಬಹುದು ಎಂದಮೇಲೆ ಈಗ ರೂಢಿಯಲ್ಲಿರುವ ಎರಡು ವಾರದ ಚೌಕಟ್ಟಿನೊಳಗೆ ಉಳಿದದ್ದೇನು? ಸಭೆಗಳ ಪಂಚಾಂಗ. ಕಾರಣವನ್ನು ಕೈಬಿಟ್ಟು ನಿಯಮವನ್ನು ಉಳಿಸಿಕೊಂಡಿದ್ದಾರೆ. ಲಯದಿಂದ ಲಾಭವೇ ಇಲ್ಲ ಎನ್ನಲಾರೆ. ಆ ಲಾಭಕ್ಕೆ ವಾರಕ್ಕೊಂದು ಸಭೆ ಸಾಲದೇ?

ಸ್ಕ್ರಮ್ ಎಂದರೆ ವೆಲಾಸಿಟಿಯ, ಅಂದರೆ ಸ್ಪ್ರಿಂಟಿಗೆ ಎಷ್ಟು ಕೆಲಸ ಮುಗಿಯಿತೆಂಬ ಲೆಕ್ಕದ, ದಬ್ಬಾಳಿಕೆ ಎಂದು ಬರೆಯುವ ವಿಮರ್ಶಕರೊಂದಿಗೂ ನನ್ನ ಜಗಳವಿದೆ. ವೆಲಾಸಿಟಿಯಾಗಲಿ ಸ್ಟೋರಿ ಪಾಯಿಂಟ್ ಆಗಲಿ ಈ ಗೈಡಿನಲ್ಲಿಲ್ಲ. ಆಯ್ದುಕೊಂಡ ಕೆಲಸವನ್ನೆಲ್ಲ ಮುಗಿಸುತ್ತೇವೆಂಬ ಮಾತುಕೊಡುವಿಕೆಯನ್ನು 2011ರಲ್ಲೇ ಬರೀ ಅಂದಾಜು ಎಂದು ತಿದ್ದಲಾಗಿದೆ. ಹಾಗೆಂದು ಸಮರ್ಥಕರು ಬೀಗಬೇಕಿಲ್ಲ. ತಪ್ಪು ಕಂಡಲ್ಲೆಲ್ಲ ‘ನೀವು ಸರಿಯಾಗಿ ಪಾಲಿಸುತ್ತಿಲ್ಲ’ ಎನ್ನುವುದು ಅವರ ಹಳೆಯ ಚಾಳಿ. ಒಂದೇ ಅಳತೆಯ ಅವಧಿಗಳನ್ನು ಸಾಲಾಗಿ ಇಟ್ಟರೆ ಯಾವ ಮ್ಯಾನೇಜರೂ ಅವನ್ನು ಹೋಲಿಸದೆ ಬಿಡಲಾರ. ವೆಲಾಸಿಟಿ ಹೊರಗಿನಿಂದ ಬಂದ ಬೇನೆಯಾದರೂ ಅದಕ್ಕೆ ಮನೆ ಕೊಟ್ಟದ್ದು ಈ ನಿಯಮವೇ.

ಅವಧಿ ನಿಗದಿಯಾಗಿರಲೇಬೇಕೆಂದರೆ ಅದರ ಕೊನೆಗೆ ಏನಾದರೂ ಪರಿಣಾಮವಿರಬೇಕು. ಆಗ ಬೇಸ್‌ಕ್ಯಾಂಪ್‌ನಲ್ಲಿದ್ದ ರಯಾನ್ ಸಿಂಗರ್ 2019ರ ‘ಶೇಪ್ ಅಪ್’ ಪುಸ್ತಕದಲ್ಲಿ ವಿವರಿಸುವ ಆರು ವಾರದ ಸುತ್ತು ಅಂಥದ್ದು. ಆರು ವಾರದಲ್ಲಿ ಮುಗಿಯದ ಯೋಜನೆಗೆ ತಾನಾಗಿಯೇ ಹೆಚ್ಚುವರಿ ಸಮಯ ಸಿಗುವುದಿಲ್ಲ. ಆಮೇಲಿನ ಎರಡು ವಾರ ಪ್ರೋಗ್ರಾಮರುಗಳು ತಮಗೆ ಬೇಕಾದ್ದು ಮಾಡಿಕೊಳ್ಳಬಹುದು. ಸ್ಕ್ರಮ್‌ನಲ್ಲಿ ಮುಗಿಯದ ಕೆಲಸ ಬ್ಯಾಕ್‌ಲಾಗಿಗೆ ಮರಳುತ್ತದೆ, ಸಾಮಾನ್ಯವಾಗಿ ಅಲ್ಲಿಂದ ನೇರ ಮುಂದಿನ ಸ್ಪ್ರಿಂಟಿಗೆ. ಆ ಸ್ಪ್ರಿಂಟ್, ಗೈಡಿನ ಆಜ್ಞೆಯಂತೆ, ಹಿಂದಿನದು ಮುಗಿದ ತಕ್ಷಣವೇ ಶುರುವಾಗಿರುತ್ತದೆ.